ಸಿಹಿ ಬಿಯರಿಗೆ ಕನ್ನಡ ಕಹಿಯಾಯಿತೇ?

ಕುಂದಲಹಳ್ಳಿಯಲ್ಲಿ ತಯಾರಾದ ಬಿಯರನ್ನು ಕುಂದಲಹಳ್ಳಿಯಲ್ಲೇ ಕೂತು ಕುಡಿಯಲು ಕನ್ನಡಿಗನಿಗೆ ಇಂಗ್ಲಿಷ್ ಬೇಕಂತೆ! ಕೇಳಿ ಈ ಕಥೆ.

ಹೋದ ತಿಂಗಳು ಅಕ್ಕನ ಮಗ ಸಂಬಳ ಏರಿದ ಖುಷಿಗೆ ನನ್ನನ್ನೂ ನಮ್ಮ ಪ್ರೆಸ್ಸಿನ ಬೈಂಡರನ್ನೂ ಅಲ್ಲಿನ ಒಂದು ಬಿಯರ್ ಮನೆಗೆ ಕರೆದೊಯ್ದ. ಹೆಸರು ಬೇಡ, ಆ ಸಾಲಿನಲ್ಲಿ ಯಾವುದಕ್ಕೆ ಹೋದರೂ ಇದೇ ಹಾಡು. ಮೆಟ್ರೊದಲ್ಲಿ ಹೋದೆವು. ನಿಲ್ದಾಣದಲ್ಲಿ ‘ಕುಂದಲಹಳ್ಳಿ’ ಎಂದು ಕನ್ನಡದಲ್ಲಿ ಓದಿ ಇಳಿದವರಿಗೆ ಒಳಗೆ ಕೂತ ಮೇಲೆ ಸಿಕ್ಕಿದ್ದು ಎಂಟು ಪುಟದ ಕಾರ್ಡು. ಒಳ್ಳೆಯ ಆರ್ಟ್ ಪೇಪರ್, ಮ್ಯಾಟ್ ಲ್ಯಾಮಿನೇಷನ್. ಒಂದೇ ಒಂದು ಕನ್ನಡ ಅಕ್ಷರವಿಲ್ಲ!

"ಮಿಲ್ಕ್ ಸ್ಟೌಟ್ ಕುಡಿದು ನೋಡಿ ಮಾಮ" ಎಂದ ಹುಡುಗ. ಬೈಂಡರ್ ಹೌಹಾರಿದ. ಅವನಿಗೆ ಹಾಲು ಆಗುವುದಿಲ್ಲ. "ಹೆಸರಿಗಷ್ಟೇ ಮಿಲ್ಕ್, ಹಾಲು ಹಾಕಲ್ಲಣ್ಣ" ಎಂದು ಹುಡುಗ ಧೈರ್ಯ ತುಂಬಿದ.

ಲೋಟ ಬಂತು. ಕಪ್ಪೆಂದರೆ ಕಪ್ಪು, ನೊರೆ ಮಾತ್ರ ಕಾಫಿ ಬಣ್ಣ. ಮೊದಲ ಗುಟುಕಿಗೆ ಹುರಿದ ರಾಗಿಯ ಘಮ. ಹಿಂದೆಯೇ ಬೆಲ್ಲದ ಪಾಕ ತುಸು ಸೀದಂಥ ಸಿಹಿ. ಕಡೆಗೆ ನಾಲಗೆಯ ಬುಡದಲ್ಲಿ ಡಿಕಾಕ್ಷನ್ ಕಹಿ, ಸ್ವಲ್ಪ ಒಗರು. ಗಂಟಲಲ್ಲಿ ಅಂಬಲಿಯಂತೆ ಮಂದವಾಗಿ ಇಳಿಯಿತು. ಚೆನ್ನಾಗಿತ್ತು ಸ್ವಾಮಿ, ಸುಳ್ಳೇಕೆ ಹೇಳಲಿ! ಈಗ ಹೇಳಿ, ಈ ನಾಲ್ಕು ಸಾಲು ಬರೆಯಲು ನನಗೆ ಯಾವ ಇಂಗ್ಲಿಷ್ ಬೇಕಾಯಿತು? ಇಂಥ ರುಚಿಗೆ ಕನ್ನಡದಲ್ಲಿ ಪದವಿಲ್ಲ ಎನ್ನುವ ಮಹಾನುಭಾವರು ಅಜ್ಜಿಯ ಅಡುಗೆಮನೆ ಕಂಡವರಲ್ಲ.

ಇನ್ನು ಹಾಲಿನ ವಿಚಾರ. ಇದಕ್ಕೆ ಹಾಲು ಸುರಿಯುವುದಿಲ್ಲ ನಿಜ. ಹಾಕುವುದು ಹಾಲಿನ ಸಕ್ಕರೆ, ಲ್ಯಾಕ್ಟೋಸ್. ಬಾರ್ಲಿಯ ಸಕ್ಕರೆ ತಿಂದು ಮದ್ಯ ಮಾಡುವ ಯೀಸ್ಟಿಗೆ ಇದನ್ನು ಅರಗಿಸಲು ಬಾರದು, ಅದಕ್ಕೇ ಸಿಹಿ ಉಳಿಯುತ್ತದೆ. ಯೀಸ್ಟಿಗೆ ಅರಗದ್ದು ನಮ್ಮಲ್ಲಿ ಎಷ್ಟೋ ಜನರಿಗೂ ಅರಗದು. ಕಾರ್ಡಿನ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಈ ಮಾತಿತ್ತು. ಇಂಗ್ಲಿಷಿನಲ್ಲಿ! ಹುಡುಗ ಅದನ್ನು ಓದಲಿಲ್ಲ, ಬೈಂಡರಿಗೆ ಓದಲು ಬರಲಿಲ್ಲ. ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡಿದ್ದ ಪಾಪ.

ಇಂಗ್ಲೆಂಡಿನ ಕಥೆ ನೋಡಿ. ಕೆಂಟ್ ಸೀಮೆಯ ಮ್ಯಾಕೆಸನ್ ಕಂಪನಿ 1907ರಲ್ಲಿ ಈ ಬಿಯರನ್ನು ಪೇಟೆಗೆ ತಂದಿತು. ಪುಷ್ಟಿಕರ ಎಂದು ಹೇಳಿ ಮಾರಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರ ಹೊತ್ತಿಗೆ, ಅಲ್ಲಿನ ಸರ್ಕಾರ ಲೇಬಲ್ಲಿನಿಂದ ‘ಹಾಲು’ ಎಂಬ ಪದವನ್ನೇ ತೆಗೆಸಿತು. ಓದಿದವರು ಮೋಸಹೋಗಬಾರದೆಂದು ಒಂದು ಪದಕ್ಕೆ ಅಷ್ಟು ಬೆಲೆ! ಇಲ್ಲಿ ನಾವು ಓದುವುದೇ ಬೇಡವೆಂಬ ಧೋರಣೆ.

ನಮ್ಮಲ್ಲಿ ಕಾನೂನಿಲ್ಲವೇ? 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವಿದೆ. 2023ರ ಡಿಸೆಂಬರ್ 27ರಂದು ಬೀದಿಗಿಳಿದ ಕಾರ್ಯಕರ್ತರು ಜೈಲು ಕಂಡ ಮೇಲೆ, 2024ರಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡ ಎಂಬ ತಿದ್ದುಪಡಿಯೂ ಬಂತು. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡವೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ಆದೇಶ ಹೊರಟಿತು. ಆ ಬಿಯರ್ ಮನೆಯ ಬೋರ್ಡಿನಲ್ಲೂ ಕನ್ನಡ ದಪ್ಪಗೆ ಹೊಳೆಯುತ್ತಿದೆ. ಒಳಗೆ? ಲೋಟಕ್ಕೆ ಲೇಬಲ್ಲಿಲ್ಲ, ಕಾರ್ಡು ಬೋರ್ಡಲ್ಲ! ಹೊಸಿಲು ದಾಟಿದರೆ ಕನ್ನಡ ಮಂಗಮಾಯ.

ಮ್ಯಾನೇಜರನ್ನು ಕೇಳಿದೆ. ಖರ್ಚಾಗುತ್ತದಂತೆ. ಪ್ರೆಸ್ಸಿನವನಿಗೇ ಈ ಕಾಗೆ ಹಾರಿಸುವುದೇ? ಅದೇ ಪುಟದಲ್ಲಿ ಇಂಗ್ಲಿಷಿನ ಕೆಳಗೆ ಕನ್ನಡ ಕೂರಿಸಿದರೆ ಕಾಗದ ಹೆಚ್ಚಲ್ಲ, ಪ್ಲೇಟು ಹೆಚ್ಚಲ್ಲ. ಡಿಟಿಪಿ ಕೂಲಿ ನಮ್ಮ ಮೇಜಿನ ಬಿಲ್ಲಿನಷ್ಟೂ ಆಗದು. ಬಡಿಸುವ ಹುಡುಗನ ಮೇಲೆ ನನಗೆ ಕೋಪವಿಲ್ಲ, ಹೊಟ್ಟೆಪಾಡಿಗೆ ದೂರದಿಂದ ಬಂದವನು. ಕೋಪ ಇರುವುದು ಯಜಮಾನರ ಮೇಲೆ. ನನ್ನ ಮೇಲೂ ಇದೆ. ಎರಡನೇ ಲೋಟಕ್ಕೆ ‘ಒನ್ ಮೋರ್’ ಎಂದುಬಿಟ್ಟಿದ್ದೆ!

ಹುಡುಗರೇ, ಕಲ್ಲೆಸೆಯಿರಿ ಎನ್ನುತ್ತಿಲ್ಲ. ಕುಡಿಯಿರಿ ಎಂದೂ ಹೇಳುತ್ತಿಲ್ಲ. 2017ರಲ್ಲಿ ಮೆಟ್ರೊ ಬೋರ್ಡುಗಳಿಂದ ಹಿಂದಿ ಇಳಿಸಿದ್ದು ನಿಮ್ಮಂಥವರ ಗಟ್ಟಿ ದನಿಯೇ. ಹೋಗುವವರು ಕೂತ ತಕ್ಷಣ ಕನ್ನಡ ಕಾರ್ಡ್ ಕೇಳಿ. ಇಲ್ಲವೆಂದರೆ ಎದ್ದು ಬನ್ನಿ. ನಾಲ್ಕು ಮೇಜು ಖಾಲಿಯಾದರೆ ಐದನೆಯದಕ್ಕೆ ಕನ್ನಡ ಬರುತ್ತದೆ.

ಬರುವಾಗ ಮ್ಯಾನೇಜರ ಕೈಗೆ ನನ್ನ ವಿಸಿಟಿಂಗ್ ಕಾರ್ಡ್ ಇಟ್ಟೆ. ಅನುವಾದ ನಮ್ಮದು, ಡಿಟಿಪಿ ಬಿಟ್ಟಿ, ಕಾಗದ ನಿಮ್ಮದು ಎಂದೆ. ಇನ್ನೂ ಫೋನಿಲ್ಲ. ಬರುವ ಶನಿವಾರ ಮತ್ತೆ ಹೋಗುತ್ತೇನೆ, ಬೈಂಡರನ್ನೂ ಕರೆದುಕೊಂಡು.