ಸೋರುವ ಕೊಳಕ್ಕೆ ಚಳಿಗಾಲದ ಕಾವಲು

ಹನಿಗೂಡಿದರೆ ಹಳ್ಳವೆಂಬ ಮಾತು ಎಲ್ಲರಿಗೂ ತಿಳಿದದ್ದು. ಹಳ್ಳವೇ ಹನಿಹನಿಯಾಗಿ ಬರಿದಾಗುವುದನ್ನು ನೋಡಬೇಕಾದರೆ ಅಮೆರಿಕ ಮತ್ತು ಕೆನಡಾ ದೇಶಗಳ ಉತ್ತರದ ಊರುಗಳ ಹಿತ್ತಿಲಿಗೆ ಹೋಗಬೇಕು. ಅಲ್ಲಿನ ಅನೇಕ ಮಧ್ಯಮವರ್ಗದ ಮನೆಗಳ ಹಿಂದೆ ಈಜುಕೊಳವೊಂದಿರುತ್ತದೆ. ನೆಲ ಅಗೆದು ಗಾರೆ ಹಾಕಿದ ಕೊಳವಲ್ಲ ಅದು. ತೆಳುವಾದ ಉಕ್ಕಿನ ಅಥವಾ ಅಲ್ಯೂಮಿನಿಯಮ್ ತಗಡನ್ನು ನೆಲದ ಮೇಲೆ ದುಂಡಗೆ ನಿಲ್ಲಿಸಿ, ತಳಕ್ಕೆ ಮರಳು ಹಾಸಿ, ಒಳಗೆಲ್ಲ ವಿನೈಲ್ ಹಾಳೆ ಹೊದಿಸಿ ನೀರು ತುಂಬಿದ ದೊಡ್ಡ ತೊಟ್ಟಿ. ಆ ಹಾಳೆಗೆ ‘ಲೈನರ್’ ಎಂದು ಹೆಸರು. ಮಗನೋ ಮಗಳೋ ಅಂಥ ಊರಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ತೀರ ದೂರದ್ದೇನೂ ಅಲ್ಲ.

ಬೇಸಗೆಯಲ್ಲಿ ಕೊಳ ಸ್ವಲ್ಪ ಸೋರಿದರೂ ಮನೆಯವರು ಚಿಂತಿಸುವುದಿಲ್ಲ. ನಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಮತ್ತೆ ತುಂಬಿಸುತ್ತಾರೆ. ಶರತ್ಕಾಲದ ಎಲೆ ಉದುರತೊಡಗಿದಾಗ ಪ್ರಶ್ನೆ ಏಳುತ್ತದೆ: ಹೇಗೂ ಸೋರುತ್ತಿದೆ, ಪೂರ್ತಿ ಖಾಲಿ ಮಾಡಿಬಿಟ್ಟರೆ ಆಗದೆ? ಸಹಜವಾದ ಈ ಯೋಚನೆಯೇ ಎಷ್ಟೋ ಕೊಳಗಳನ್ನು ಕೆಡಿಸಿದೆ.

ಕಾರಣ ಸರಳವಾದುದು. 18 ಅಡಿ ಅಡ್ಡಳತೆಯ ಕೊಳದಲ್ಲಿ 4 ಅಡಿ ನೀರಿದ್ದರೆ ಅದು ಸುಮಾರು 29,000 ಲೀಟರು. ತೂಕ 29 ಟನ್ನು. ಈ ಭಾರವೇ ಹಾಳೆಯನ್ನು ಗೋಡೆಗೂ ತಳಕ್ಕೂ ಒತ್ತಿ ಹಿಡಿದಿರುವುದು. ತೆಳುವಾದ ತಗಡು ಗಾಳಿಗೆ ಬಾಗದಂತೆ ನಿಲ್ಲಿಸಿರುವುದೂ ಇದೇ. ನೀರು ಹೋದರೆ ಹಳೆಯ ಹಾಳೆ ಒಣಗಿ ಕುಗ್ಗುತ್ತದೆ, ಚಳಿಗೆ ಬಿರುಸಾಗಿ ಸೀಳುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಮಿನಿಯಾಪೊಲಿಸ್ ನಗರದಲ್ಲಾದರೋ ಜನವರಿಯ ಸರಾಸರಿಯೇ ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗೆ! ಅಂಥ ಚಳಿಯಲ್ಲಿ ಕೊಳವನ್ನು ಕಾಯುವುದು ಅದರೊಳಗಿನ ನೀರೇ.

ಆದುದರಿಂದ ಮೊದಲ ಕೆಲಸ, ಸೋರಿಕೆಯನ್ನು ಚಳಿ ಬರುವ ಮುನ್ನ ಹುಡುಕುವುದು. ನೀರು ತಗ್ಗುವುದೆಲ್ಲ ಸೋರಿಕೆಯಲ್ಲ, ಆವಿಯಾಗಿಯೂ ಹೋಗುತ್ತದೆ. ಇದನ್ನು ತಿಳಿಯಲು ಕೊಳದ ಮೆಟ್ಟಿಲ ಮೇಲೆ ಬಕೆಟ್ಟೊಂದನ್ನಿಟ್ಟು, ಹೊರಗಿನ ನೀರಿನ ಮಟ್ಟಕ್ಕೆ ಸಮನಾಗಿ ಅದರಲ್ಲೂ ನೀರು ತುಂಬಬೇಕು. ಪಂಪು ನಿಲ್ಲಿಸಿ ಒಂದು ದಿನ ಕಳೆದ ಮೇಲೆ ನೋಡಿದರೆ, ಎರಡೂ ಸಮನಾಗಿ ಇಳಿದಿದ್ದಲ್ಲಿ ತಪ್ಪು ಬಿಸಿಲುಗಾಳಿಯದು. ಕೊಳದ ನೀರೇ ಹೆಚ್ಚು ಇಳಿದಿದ್ದರೆ ಎಲ್ಲಿಯೋ ತೂತಿದೆ. ಮೇಲೆ ಹೇಳಿದ ಕೊಳದಲ್ಲಿ ಒಂದು ಅಂಗುಲ ಇಳಿಯಿತೆಂದರೆ 600 ಲೀಟರು ಹೋಯಿತೆಂದು ಲೆಕ್ಕ.

ತೂತು ಎಲ್ಲಿದೆಯೆಂಬುದನ್ನು ನೀರೇ ಹೇಳುತ್ತದೆ. ತೇಲುವ ಕಸವನ್ನು ಸೆಳೆದುಕೊಳ್ಳುವ ‘ಸ್ಕಿಮ್ಮರ್’ ಎಂಬ ಬಾಯಿಯ ಮಟ್ಟಕ್ಕೆ ಇಳಿದು ನೀರು ನಿಂತರೆ ಅಲ್ಲಿನ ರಬ್ಬರ್ ಪಟ್ಟಿ ಸವೆದಿರಬಹುದು. ಶೋಧಿಸಿದ ನೀರು ಒಳಕ್ಕೆ ಬರುವ ರಂಧ್ರದ ಬಳಿ ನಿಂತರೆ ದೋಷ ಅಲ್ಲಿಯದು. ಪಂಪು ನಡೆಯುವಾಗ ಮಾತ್ರ ಹೆಚ್ಚು ಸೋರಿದರೆ ಕೊಳವೆಗಳನ್ನು ಪರೀಕ್ಷಿಸಬೇಕು. ಎಲ್ಲಿಯೂ ನಿಲ್ಲದೆ ಇಳಿಯುತ್ತಲೇ ಹೋದರೆ ತಳದ ಹಾಳೆಯಲ್ಲಿ ತೂತಿದೆಯೆಂದು ತಿಳಿದು ತಡಮಾಡದೆ ಮತ್ತೆ ನೀರು ತುಂಬಿಸಬೇಕು. ಅನುಮಾನವಿರುವ ಜಾಗದ ಹತ್ತಿರ, ನಿಶ್ಚಲವಾದ ನೀರಿನಲ್ಲಿ ಅಡುಗೆಯ ಬಣ್ಣದ ಎರಡು ತೊಟ್ಟು ಬಿಟ್ಟರೆ, ಬಣ್ಣವು ಗೆರೆಯಾಗಿ ತೂತಿನೊಳಕ್ಕೆ ಹರಿಯುವುದು ಕಣ್ಣಿಗೆ ಕಾಣುತ್ತದೆ.

ತೇಪೆ ಹಾಕಲು ನೀರು ಖಾಲಿ ಮಾಡಬೇಕಾಗಿಲ್ಲ. ನೀರಿನೊಳಗೇ ಅಂಟುವ ವಿನೈಲ್ ತೇಪೆಗಳು ದೊರೆಯುತ್ತವೆ. ತೂತಿಗಿಂತ ಎಲ್ಲ ಕಡೆಗೂ ಎರಡಂಗುಲ ದೊಡ್ಡದಾಗಿ, ಮೂಲೆಗಳಿಲ್ಲದಂತೆ ದುಂಡಗೆ ಕತ್ತರಿಸಬೇಕು. ಮೂಲೆಯಿದ್ದರೆ ಅಲ್ಲಿಂದಲೇ ಎದ್ದುಬರುತ್ತದೆ. ನೀರು ತಣ್ಣಗಾದಷ್ಟೂ ಅಂಟು ನಿಧಾನವಾಗಿ ಹಿಡಿಯುವುದರಿಂದ ಈ ಕೆಲಸ ಸೆಪ್ಟೆಂಬರಿನಲ್ಲಿಯೇ ಮುಗಿದರೆ ಒಳ್ಳೆಯದು.

ತೂತಿಗೆ ತೇಪೆ ಬಿದ್ದ ಮೇಲೆ ಹಿಮವನ್ನು ಎದುರಿಸುವ ಸಿದ್ಧತೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಕೊಳವೆಯಲ್ಲಿ, ಪಂಪಿನಲ್ಲಿ, ಶೋಧಕದಲ್ಲಿ ನೀರು ಉಳಿದರೆ ಅವು ಸೀಳುವುದು ಖಂಡಿತ. ಅವುಗಳನ್ನೆಲ್ಲ ಬರಿದುಮಾಡಿ, ಕೊಳದ ನೀರನ್ನು ಸ್ಕಿಮ್ಮರಿನ ಬಾಯಿಗಿಂತ ಕೆಲವೇ ಅಂಗುಲ ಕೆಳಗಿಳಿಸಿ, ನೀರು ಒಳಬರುವ ರಂಧ್ರಕ್ಕೆ ಬಿರಡೆ ಹಾಕುತ್ತಾರೆ. ನಡುವೆ ಗಾಳಿದಿಂಬೊಂದನ್ನು ಪೂರ್ತಿ ಉಬ್ಬಿಸದೆ ತೇಲಿಬಿಟ್ಟು ಮೇಲೆ ಹೊದಿಕೆ ಎಳೆಯುತ್ತಾರೆ. ಹಿಗ್ಗುವ ಹಿಮ ಗೋಡೆಯನ್ನು ತಳ್ಳುವ ಬದಲು ಮೆತ್ತನೆಯ ದಿಂಬನ್ನು ಅಮುಕಲೆಂಬುದು ಇದರ ಉದ್ದೇಶ.

ಸೋರುವ ಕೊಳದ ನಿಜವಾದ ಅಪಾಯ ಇಲ್ಲಿಂದ ಮುಂದೆ. ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರ. ಅದಕ್ಕಿಂತ ತಣ್ಣಗಾದುದು ಮೇಲೇರಿ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಕೆಳಗಿನ ನೀರು ಗುಟ್ಟಾಗಿ ಸೋರಿಹೋದರೆ ಹಿಮದ ಹಲಗೆಗೆ ಆಧಾರ ತಪ್ಪಿ, ಅದು ಕುಸಿಯುವಾಗ ಹಾಳೆಯನ್ನು ಹರಿಯುತ್ತದೆ. ಹೊದಿಕೆಯೂ ನೀರಿನ ಆಸರೆಯಿಲ್ಲದೆ ತೊಟ್ಟಿಲಿನಂತೆ ಜೋತುಬೀಳುತ್ತದೆ. ಅದರ ಮೇಲೆ ಹಿಮ ತುಂಬಿದರೆ ಆ ಭಾರ ಗೋಡೆಯ ಅಂಚನ್ನು ಒಳಕ್ಕೆ ಎಳೆಯುತ್ತದೆ. ತಳದ ಮರಳು ಕೊಚ್ಚಿಹೋಗಿ, ತಗಡಿನ ಬುಡ ತುಕ್ಕು ಹಿಡಿಯುವುದೂ ಉಂಟು.

ಆದಕಾರಣ ಹೊದಿಸಿದ ಮೇಲೆ ಮರೆತುಬಿಡುವಂತಿಲ್ಲ. ಹೊದಿಕೆ ಜೋತಿದ್ದರೆ ಅದರ ಕಟ್ಟನ್ನು ಸಡಿಲಿಸಿ ನೀರಿನ ಮೇಲೆಯೇ ಕೂರುವಂತೆ ಮಾಡಬೇಕು. ಹಿಮ ಕರಗಿದ ದಿನ ನೋಡಿ ನೀರು ಸೇರಿಸಬೇಕು. ಹೊದಿಕೆಯ ಮೇಲಿನ ಮಳೆನೀರನ್ನು ಪಂಪಿನಿಂದ ತೆಗೆಯುವಾಗ ಎಚ್ಚರವಿರಲಿ: ಹೊದಿಕೆಯಲ್ಲಿ ಸಣ್ಣ ತೂತಿದ್ದರೂ ಪಂಪು ಕೊಳದ ನೀರನ್ನೇ ಹೀರಿಬಿಡುತ್ತದೆ. ಹಿಮವನ್ನು ಹಾರೆಯಿಂದ ಒಡೆಯುವ ಸಾಹಸವಂತೂ ಬೇಡ.

ಎಲ್ಲಕ್ಕಿಂತ ಮುಖ್ಯವಾದುದು ಮಕ್ಕಳು. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದೇ ಮೊದಲ ಕಾರಣ. ಹೊದಿಸಿದ ಕೊಳ ಮಗುವಿನ ಕಣ್ಣಿಗೆ ಆಟದ ಜಗಲಿಯಂತೆ ತೋರಬಹುದು. ಜೋತ ಹೊದಿಕೆಯೂ ಆಧಾರವಿಲ್ಲದ ಹಿಮವೂ ಮಗುವಿನ ತೂಕವನ್ನು ತಡೆಯಲಾರವು. ಏಣಿಯನ್ನು ತೆಗೆದು ಒಳಗಿಡುವುದು, ಬೇಲಿಯ ಬಾಗಿಲಿಗೆ ಬೀಗ ಹಾಕುವುದು ತೇಪೆಗಿಂತ ಮೊದಲು ಆಗಬೇಕಾದ ಕೆಲಸ.

ಹಾಳೆಗೆ ವಯಸ್ಸಾಗಿದ್ದರೆ ವಸಂತ ಕಳೆದ ಮೇಲೆ ಬದಲಾಯಿಸಬಹುದು. ಬಿಸಿಲಿಗೆ ಮೆತ್ತಗಾದ ಹೊಸ ಹಾಳೆ ಸುಕ್ಕಿಲ್ಲದೆ ಕೂರುತ್ತದೆ. ಆದರೆ ಗೋಡೆಯೇ ಬಾಗಿದರೆ ಕೊಳವನ್ನೇ ಹೊಸದಾಗಿ ಕೊಳ್ಳಬೇಕಾದೀತು.