ಬಾಣಂತಿ ಸನ್ನಿ ಮತ್ತು ಕೊಲೆಯ ಸೆಕ್ಷನ್

2001ರ ಜೂನ್ 20ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಂಡ್ರಿಯಾ ಯೇಟ್ಸ್ ಎಂಬ ತಾಯಿ ತನ್ನ ಐವರು ಮಕ್ಕಳನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಂದು, ತಾನೇ ಪೊಲೀಸರಿಗೆ ಫೋನ್ ಮಾಡಿದಳು. ಕೊನೆಯ ಕೂಸಿಗೆ ಆಗ ಆರು ತಿಂಗಳು. ನಾಲ್ಕನೇ ಹೆರಿಗೆಯ ನಂತರವೇ ಆಕೆಗೆ ತೀವ್ರ ಮನೋರೋಗ ಕಾಣಿಸಿಕೊಂಡಿತ್ತು. ಇನ್ನೊಂದು ಮಗು ಬೇಡವೆಂದು ಮನೋವೈದ್ಯರು ಎಚ್ಚರಿಸಿದ್ದರು. ತನ್ನೊಳಗೆ ಸೈತಾನನಿದ್ದಾನೆ, ಮಕ್ಕಳನ್ನು ನರಕದಿಂದ ಉಳಿಸಲು ಸಾವೊಂದೇ ದಾರಿ ಎಂದು ಆಕೆ ನಂಬಿದ್ದಳು. 2002ರಲ್ಲಿ ಜ್ಯೂರಿ ಆಕೆ ಅಪರಾಧಿ ಎಂದಿತು. ಪೊಲೀಸರಿಗೆ ಫೋನ್ ಮಾಡಿದವಳಿಗೆ ತಪ್ಪಿನ ಅರಿವು ಇದ್ದೇ ಇರುತ್ತದೆ ಎಂಬುದು ಪ್ರಾಸಿಕ್ಯೂಷನ್ ವಾದವಾಗಿತ್ತು. ತಜ್ಞ ಸಾಕ್ಷಿಯೊಬ್ಬರ ಹೇಳಿಕೆ ಸುಳ್ಳೆಂದು ತಿಳಿದ ಮೇಲೆ ಆ ತೀರ್ಪು ರದ್ದಾಯಿತು. 2006ರಲ್ಲಿ ಎರಡನೇ ಜ್ಯೂರಿ, ಬುದ್ಧಿಭ್ರಮಣೆಯ ಕಾರಣಕ್ಕೆ ಆಕೆ ನಿರಪರಾಧಿ ಎಂದಿತು; ನ್ಯಾಯಾಲಯ ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಕಳುಹಿಸಿತು. ಕೃತ್ಯವೂ ಅದೇ, ಕಾನೂನೂ ಅದೇ; ಜೈಲಿನ ಬದಲು ಆಸ್ಪತ್ರೆ ಸಿಗಲು ಐದು ವರ್ಷ ಬೇಕಾಯಿತು.

ನಮ್ಮ ಹಳ್ಳಿಗಳಿಗೆ ಈ ಕಾಯಿಲೆ ಹೊಸದಲ್ಲ. ಬಾಣಂತಿ ಸನ್ನಿ ಎಂದರೆ ಅಜ್ಜಿಯರಿಗೆಲ್ಲ ಗೊತ್ತು. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಬರುತ್ತದೆ. ಮೊದಲು ನಿದ್ದೆ ಹೋಗುತ್ತದೆ. ಆಮೇಲೆ ಅನುಮಾನ, ಕಿವಿಯಲ್ಲಿ ದನಿ, ಮಗು ತನ್ನದೇ ಅಲ್ಲ ಎಂಬ ಮಾತು. ಬೆಳಿಗ್ಗೆ ಸರಿಯಾಗಿ ಮಾತಾಡಿದವಳು ಸಂಜೆಗೆ ಬೇರೆಯವಳಾಗಿರುತ್ತಾಳೆ. ಮನೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಬಿಗಿದು, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಹಸಿ ಬಾಣಂತಿಗೆ ನಿದ್ದೆ ಗುಳಿಗೆ ಬೇಡ ಎನ್ನುವವರೂ ಇದ್ದಾರೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಬಹುತೇಕರು ಗುಣವಾಗುವ ಕಾಯಿಲೆಯಿದು.

ಚಿಕಿತ್ಸೆ ಸಿಗದ ತಾಯಿಯ ಕೈಯಲ್ಲಿ ಮಗು ಸತ್ತರೆ ಪ್ರಕರಣ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 103ಕ್ಕೆ ಬರುತ್ತದೆ. ಅಲ್ಲಿರುವುದು ಮರಣದಂಡನೆ ಅಥವಾ ಜೀವಾವಧಿ. ಸೆಕ್ಷನ್ 22ರ ರಕ್ಷಣೆ ಬೇಕೆಂದರೆ, ಕೃತ್ಯದ ಹೊತ್ತಿನಲ್ಲಿ ಅದರ ಸ್ವರೂಪವಾಗಲಿ, ಅದು ತಪ್ಪು ಅಥವಾ ಕಾನೂನುಬಾಹಿರ ಎಂಬುದಾಗಲಿ ತನಗೆ ತಿಳಿಯುವ ಸ್ಥಿತಿಯಿರಲಿಲ್ಲ ಎಂದು ಆರೋಪಿಯೇ ತೋರಿಸಬೇಕು. ಪೂರ್ಣ ಭ್ರಮಣೆ, ಇಲ್ಲವೇ ಪೂರ್ಣ ಹೊಣೆ. ಕಾಯಿಲೆಯಿಂದ ವಿವೇಚನೆ ಅರ್ಧ ಕುಸಿದವಳಿಗೆ ಎಲ್ಲೂ ಜಾಗವಿಲ್ಲ. ಶಿಕ್ಷೆ ಕಡಿಮೆ ಮಾಡಬೇಕೆಂದು ನ್ಯಾಯಾಧೀಶರಿಗೆ ಮನಸ್ಸಿದ್ದರೂ ಜೀವಾವಧಿಗಿಂತ ಕೆಳಗಿಳಿಯುವಂತಿಲ್ಲ.

ಇಂಗ್ಲೆಂಡ್ 1922ರಲ್ಲೇ ಶಿಶುಹತ್ಯೆ ಕಾಯ್ದೆ ಮಾಡಿ, 1938ರಲ್ಲಿ ತಿದ್ದಿತು. ಹೆರಿಗೆಯ ಪರಿಣಾಮದಿಂದ ಮನಸ್ಸಿನ ಸಮತೋಲ ತಪ್ಪಿದ ತಾಯಿ ಒಂದು ವರ್ಷದೊಳಗಿನ ಮಗುವನ್ನು ಕೊಂದರೆ, ಕೊಲೆಗಿಂತ ಕಡಿಮೆ ದರ್ಜೆಯ ಅಪರಾಧಕ್ಕಿರುವ ಶಿಕ್ಷೆ. ಅದನ್ನೇ ನಕಲು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಕೂಸಿನ ಜತೆ ನಾಲ್ಕು ವರ್ಷದ ಮಗನೂ ಸತ್ತರೆ ಆ ಕಾಯ್ದೆ ಒಂದು ಸಾವಿಗೆ ಮಾತ್ರ ಅನ್ವಯಿಸುತ್ತದೆ. ತಾಯಿಯ ಕಾಯಿಲೆಗೆ ಮಕ್ಕಳ ವಯಸ್ಸಿನ ಲೆಕ್ಕವಿಲ್ಲ. ಹೆಣ್ಣು ಶಿಶುಹತ್ಯೆ ಇನ್ನೂ ಮರೆಯಾಗದ ನಾಡಿನಲ್ಲಿ ಬರೀ 'ತಾಯಿ' ಎಂಬ ಕಾರಣಕ್ಕೆ ರಿಯಾಯಿತಿ ಕೊಡುವುದೂ ಅಪಾಯ. ಹೆಣ್ಣು ಹುಟ್ಟಿತೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ ಕೊಲೆಗೆ ಅದು ನೆಪವಾಗಬಾರದು. ಆದ್ದರಿಂದ ಸೆಕ್ಷನ್ 101ರಲ್ಲಿರುವ ಐದು ವಿನಾಯಿತಿಗಳಿಗೆ ಆರನೆಯದಾಗಿ, ವೈದ್ಯಕೀಯವಾಗಿ ಸಾಬೀತಾದ ಮನೋರೋಗದಿಂದ ವಿವೇಚನೆ ಗಣನೀಯವಾಗಿ ಕುಗ್ಗಿದ್ದರೆ ಅದು ಕೊಲೆಯಲ್ಲದ ನರಹತ್ಯೆ ಎಂಬುದು ಸೇರಬೇಕು.

ಸಾಬೀತುಪಡಿಸುವುದೇ ಕಷ್ಟ. ವಿಚಾರಣೆ ಬರುವ ಹೊತ್ತಿಗೆ ವರ್ಷಗಳು ಕಳೆದು, ಸನ್ನಿ ಇಳಿದು, ಕಟಕಟೆಯಲ್ಲಿ ನಿಂತವಳು ಶಾಂತವಾಗಿ ಕಾಣುತ್ತಾಳೆ. ಮಾನಸಿಕ ಅಸ್ವಸ್ಥತೆಯ ಪೂರ್ವೇತಿಹಾಸ ತಿಳಿದುಬಂದ ಕೂಡಲೇ ಆರೋಪಿಯನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸುವುದು ತನಿಖಾಧಿಕಾರಿಯ ಕರ್ತವ್ಯ, ಹಾಗೆ ಮಾಡದಿದ್ದರೆ ಪ್ರಾಸಿಕ್ಯೂಷನ್ ವಾದದಲ್ಲೇ ಗಂಭೀರ ಲೋಪ ಎಂದು ಬಾಪು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಹೆರಿಗೆಯಾಗಿ ವರ್ಷ ತುಂಬದ ತಾಯಿಯ ವಿಷಯದಲ್ಲಿ ಪೂರ್ವೇತಿಹಾಸ ಸಿಗಲಿ ಎಂದು ಕಾಯುವುದೂ ಬೇಡ. ಬಂಧಿಸಿದ ದಿನವೇ ಮನೋವೈದ್ಯರ ಪರೀಕ್ಷೆ ಕಡ್ಡಾಯವಾಗಲಿ. ಹೆರಿಗೆಯಾದ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಹಲವು ಸಲ ಮನೆಗೆ ಬರುತ್ತಾರೆ. ಕೂಸನ್ನು ತೂಗಿ, ಜ್ವರ ನೋಡಿ ತುಂಬುವ ನಮೂನೆಯಲ್ಲಿ, ತಾಯಿ ಅಸಹಜವಾಗಿ ಮಾತಾಡುತ್ತಿದ್ದಾಳೆಯೇ ಎಂಬ ಪ್ರಶ್ನೆಯೂ ಇದೆ. ಕಾಯಿಲೆಯ ದಿನಗಳಲ್ಲೇ ಬರೆದಿಟ್ಟ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಮತ್ತೊಂದು ಸಿಗದು. ಪಂಚನಾಮೆ ಜತೆ ಆ ಹಾಳೆಯೂ ಕಡತ ಸೇರಬೇಕು. ಬಾಣಂತನಕ್ಕೆ ತವರಿಗೆ ಹೋದವಳಾದರೆ ಎರಡೂ ಊರಿನ ದಾಖಲೆ ತರಿಸಬೇಕು.

ಬಿಡುಗಡೆಯಾದ ಮೇಲಿನ ಪಾಡು ಇನ್ನೊಂದು. ಭ್ರಮಣೆಯ ಕಾರಣಕ್ಕೆ ಖುಲಾಸೆಯಾದವಳನ್ನು ಸುರಕ್ಷಿತ ಕಸ್ಟಡಿಯಲ್ಲಿಡಬೇಕು, ಇಲ್ಲವೇ ಭದ್ರತೆ ಕೊಡುವ ಬಂಧುಗಳಿಗೋ ಸ್ನೇಹಿತರಿಗೋ ಒಪ್ಪಿಸಬೇಕು ಎನ್ನುತ್ತದೆ ಕಾನೂನು. ಇಂಥ ಪ್ರಕರಣದಲ್ಲಿ ದೂರು ಕೊಟ್ಟವರು ಗಂಡನೋ ಅತ್ತೆಯೋ ಆಗಿರಬಹುದು. ಭದ್ರತೆಗೆ ಸಹಿ ಹಾಕುವವರು ಯಾರು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ 2009ರಿಂದ ಇದೆ. ಕೂಸನ್ನು ಕಳೆದುಕೊಂಡು, ಗುಣವಾಗಿ, ಮನೆಯಿಲ್ಲದೆ ನಿಂತವಳಿಗೂ ನೆಲೆ ಬೇಕು. ಮನೆಯವರು ಒಪ್ಪಲಿಲ್ಲವೆಂಬ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲೇ ಉಳಿಸುವಂತಿಲ್ಲ, ಸಮುದಾಯದೊಳಗೆ ಬದುಕುವ ಏರ್ಪಾಡನ್ನು ಸರ್ಕಾರವೇ ಮಾಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿದೆ. ಖುಲಾಸೆಯ ಆದೇಶ ಬರೆಯುವ ನ್ಯಾಯಾಲಯ ಆ ಕಾಯ್ದೆಯಡಿ ಆಕೆ ಎಲ್ಲಿರಬೇಕೆಂಬುದನ್ನೂ ಅದೇ ಆದೇಶದಲ್ಲಿ ಬರೆಯಬೇಕು.