ಪದಕಗಳ ಅರ್ಥಶಾಸ್ತ್ರ: ಸೈಕಲ್ ಕಲಿಸುವ ಪಾಠ

ಒಲಿಂಪಿಕ್ ಕ್ರೀಡಾಕೂಟ ಮುಗಿದಾಗಲೆಲ್ಲ ನಮ್ಮಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. 140 ಕೋಟಿ ಜನರಿರುವ ದೇಶಕ್ಕೆ ಬೆರಳೆಣಿಕೆಯ ಪದಕಗಳೇ ಏಕೆ? 2024ರ ಪ್ಯಾರಿಸ್ ಕೂಟದಲ್ಲಿ ಭಾರತಕ್ಕೆ ದಕ್ಕಿದ್ದು ಒಂದು ಬೆಳ್ಳಿ ಮತ್ತು ಐದು ಕಂಚು. ಎರಡು ಕೋಟಿಗೂ ಕಡಿಮೆ ಜನಸಂಖ್ಯೆಯ ನೆದರ್ಲೆಂಡ್ಸ್ 15 ಚಿನ್ನದ ಪದಕಗಳನ್ನು ಗೆದ್ದು ಬ್ರಿಟನ್ನನ್ನೂ ಹಿಂದಿಕ್ಕಿತು. ನಾವು ಕೊಟ್ಟುಕೊಳ್ಳುವ ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ: ನಮ್ಮ ಮೈಕಟ್ಟು ಸಾಲದು, ಆಹಾರ ಸರಿಯಿಲ್ಲ, ಕ್ರಿಕೆಟ್ ಉಳಿದೆಲ್ಲವನ್ನೂ ನುಂಗಿದೆ, ಕ್ರೀಡಾ ಸಂಸ್ಥೆಗಳಲ್ಲಿ ರಾಜಕಾರಣಿಗಳೇ ತುಂಬಿದ್ದಾರೆ. ಕೆಲವು ದಿನಗಳಲ್ಲಿ ಚರ್ಚೆ ತಣ್ಣಗಾಗುತ್ತದೆ.

ಈಗ ಅದನ್ನು ತಣ್ಣಗಾಗಲು ಬಿಡುವಂತಿಲ್ಲ. 2036ರ ಒಲಿಂಪಿಕ್ಸ್ ಆತಿಥ್ಯ ವಹಿಸುವ ಆಸಕ್ತಿಯನ್ನು ಭಾರತ 2024ರ ಅಕ್ಟೋಬರ್‌ನಲ್ಲಿ ಅಧಿಕೃತವಾಗಿ ತಿಳಿಸಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ 2025ರ ನವೆಂಬರ್‌ನಲ್ಲಿ ಅಹಮದಾಬಾದಿಗೆ ದೊರೆತಿದೆ. ಇನ್ನು ಮುಂದೆ ಕ್ರೀಡೆಗೆ ಸಾರ್ವಜನಿಕ ಹಣ ದೊಡ್ಡ ಪ್ರಮಾಣದಲ್ಲಿ ಹರಿಯಲಿದೆ. ಅದು ಯಾವುದಕ್ಕೆ ವೆಚ್ಚವಾಗಬೇಕು ಎಂಬುದು ಕ್ರೀಡಾಪ್ರೇಮಿಗಳಷ್ಟೇ ಅಲ್ಲ, ತೆರಿಗೆ ಕಟ್ಟುವ ಎಲ್ಲರೂ ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಸೈಕ್ಲಿಂಗ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುತ್ತಿಲ್ಲ. ಈ ಒಂದೇ ಕ್ರೀಡೆಯಲ್ಲಿ ಬೇರೆ ಬೇರೆ ದೇಶಗಳು ಬೇರೆ ಬೇರೆ ಮಾರ್ಗ ಹಿಡಿದು ಮೇಲೇರಿವೆ. ಪ್ರತಿಯೊಂದು ಮಾರ್ಗದ ಲಾಭನಷ್ಟ ಈಗ ಲೆಕ್ಕಕ್ಕೆ ಸಿಗುವಂತಿದೆ.

ದೇಶವೊಂದರ ಒಟ್ಟು ಪದಕಗಳಿಗೂ ಅದರ ಜನಸಂಖ್ಯೆ ಮತ್ತು ತಲಾ ಆದಾಯಕ್ಕೂ ಇರುವ ನಿಕಟ ಸಂಬಂಧವನ್ನು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆಂಡ್ರ್ಯೂ ಬರ್ನಾರ್ಡ್ ಮತ್ತು ಮೇಘನ್ ಬ್ಯೂಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿಕೊಟ್ಟಿತು. ಜನರಿದ್ದರೆ ಸಾಲದು, ಅವರಿಗೆ ಆಡಲು ಬಿಡುವೂ ಪೌಷ್ಟಿಕ ಆಹಾರವೂ ಇರಬೇಕು ಎಂಬ ಸಾಮಾನ್ಯ ಜ್ಞಾನಕ್ಕೆ ಇದು ಅಂಕಿಗಳ ಬೆಂಬಲ ಒದಗಿಸುತ್ತದೆ. ಆದರೆ ಈ ಸೂತ್ರ ಒಟ್ಟು ಮೊತ್ತವನ್ನು ವಿವರಿಸುತ್ತದೆಯೇ ಹೊರತು, ಇಂಥ ದೇಶ ಇಂಥ ಕ್ರೀಡೆಯಲ್ಲಿಯೇ ಏಕೆ ಮುಂದಿದೆ ಎಂಬುದನ್ನಲ್ಲ. ಸ್ಲೊವೇನಿಯಾದ ಜನಸಂಖ್ಯೆ ಸುಮಾರು 21 ಲಕ್ಷ, ಅಂದರೆ ಬೆಂಗಳೂರಿನ ಕಾಲು ಭಾಗಕ್ಕೂ ಕಡಿಮೆ. ಮೂರು ವಾರಗಳ ಕಾಲ ನಡೆಯುವ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ 2020ರಲ್ಲಿ ಮೊದಲ ಎರಡೂ ಸ್ಥಾನಗಳನ್ನು ಪಡೆದವರು ಆ ಪುಟ್ಟ ದೇಶದವರು.

ಎಲ್ಲರೂ ಸೈಕಲ್ ತುಳಿಯುವ ನಾಡಿನಲ್ಲಿ ಚಾಂಪಿಯನ್ನರು ತಾವಾಗಿಯೇ ಹುಟ್ಟುತ್ತಾರೆ ಎಂಬ ವಾದವೂ ಉಂಟು. ನೆದರ್ಲೆಂಡ್ಸ್‌ನಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು. ಒಟ್ಟು ಪ್ರಯಾಣಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಸೈಕಲ್ ಮೇಲೆಯೇ ನಡೆಯುತ್ತವೆ. ಆದರೂ 1903ರಲ್ಲಿ ಆರಂಭವಾದ ಪುರುಷರ ಟೂರ್ ಡಿ ಫ್ರಾನ್ಸನ್ನು ಗೆದ್ದ ಡಚ್ಚರು ಇಬ್ಬರೇ: 1968ರಲ್ಲಿ ಯಾನ್ ಯಾನ್ಸೆನ್, 1980ರಲ್ಲಿ ಯೂಪ್ ಜೂಟೆಮೆಲ್ಕ್. ನಮ್ಮ ಅನುಭವವೂ ಭಿನ್ನವಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಸೈಕಲ್ ತಯಾರಿಸುವ ದೇಶಗಳಲ್ಲಿ ಭಾರತವೂ ಒಂದು. ಮಕ್ಕಳು ಶಾಲೆ ಬಿಡದಿರಲೆಂದು ಕರ್ನಾಟಕ ಸರ್ಕಾರ 2006ರಿಂದ ಹಲವು ವರ್ಷ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಹಂಚಿತು. ಅದು ಅತ್ಯಂತ ಉಪಯುಕ್ತ ಯೋಜನೆಯಾಗಿತ್ತು. ಆದರೆ 1964ರ ಟೋಕಿಯೊ ಕೂಟದ ನಂತರ ಭಾರತದ ಯಾವ ಸೈಕ್ಲಿಸ್ಟೂ ಒಲಿಂಪಿಕ್ಸ್ ತಲುಪಿಲ್ಲ. ಸಂಚಾರದ ಸೈಕಲ್ ಬೇರೆ, ಸ್ಪರ್ಧೆಯ ಸೈಕಲ್ ಬೇರೆ. ಒಂದರಿಂದ ಇನ್ನೊಂದಕ್ಕೆ ಮಗುವನ್ನು ಕರೆದೊಯ್ಯಲು ನಡುವೆ ಒಂದು ವ್ಯವಸ್ಥೆ ಬೇಕಾಗುತ್ತದೆ.

ಅಂಥ ವ್ಯವಸ್ಥೆ ನೆಲದಿಂದಲೇ ಬೆಳೆದು ಬಂದದ್ದಕ್ಕೆ ಬೆಲ್ಜಿಯಂ ಉತ್ತಮ ಉದಾಹರಣೆ. ಅಲ್ಲಿನ ಫ್ಲ್ಯಾಂಡರ್ಸ್ ಪ್ರಾಂತ್ಯದ ಪ್ರಸಿದ್ಧ ರಸ್ತೆ ಸ್ಪರ್ಧೆಯನ್ನು 1913ರಲ್ಲಿ ಆರಂಭಿಸಿದ್ದು ಒಂದು ಕ್ರೀಡಾ ಪತ್ರಿಕೆ, ಸರ್ಕಾರವಲ್ಲ. ಅದಕ್ಕಿಂತ ಮುಖ್ಯವಾದುದು ಊರಹಬ್ಬದ ದಿನ ಹಳ್ಳಿಯ ಬೀದಿಗಳಲ್ಲಿಯೇ ನಡೆಯುವ ಸೈಕಲ್ ಓಟ. ಸ್ಥಳೀಯ ಕ್ಲಬ್ಬು, ಸ್ಥಳೀಯ ಅಂಗಡಿಯವರ ಬಹುಮಾನ, ರಸ್ತೆಯ ಇಬ್ಬದಿಯಲ್ಲಿ ನಿಂತ ನೆರೆಹೊರೆಯವರು. ಹೀಗೆ ಹದಿಹರೆಯದವನೊಬ್ಬ ತನ್ನ ಊರಿನಿಂದ ಸ್ವಲ್ಪ ದೂರದೊಳಗೇ ಮತ್ತೆ ಮತ್ತೆ ಸ್ಪರ್ಧಿಸಿ, ಸೋತು, ಕಲಿಯುವ ಅವಕಾಶ ಪಡೆಯುತ್ತಾನೆ. 1969 ಮತ್ತು 1974ರ ನಡುವೆ ಐದು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದ ಎಡ್ಡಿ ಮರ್ಕ್ಸ್ ಈ ನಾಡಿನವರು. ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ರಸ್ತೆ ಸ್ಪರ್ಧೆಗಳೆರಡರಲ್ಲೂ ಚಿನ್ನ ಗೆದ್ದ ರೆಮ್ಕೊ ಇವನೆಪೂಲ್ ಕೂಡ ಬೆಲ್ಜಿಯಂನವರೇ. ಇಬ್ಬರ ನಡುವೆ ಅರ್ಧ ಶತಮಾನದ ಅಂತರವಿದೆ, ವ್ಯವಸ್ಥೆ ಮಾತ್ರ ಮುಂದುವರಿದಿದೆ.

ಸ್ಲೊವೇನಿಯಾದ ರಹಸ್ಯವೂ ಹೆಚ್ಚು ಕಡಿಮೆ ಇದೇ. 2020, 2021, 2024 ಮತ್ತು 2025ರಲ್ಲಿ ಟೂರ್ ಗೆದ್ದ ತಾದೆಯ್ ಪೊಗಾಚಾರ್ ಬಾಲ್ಯದಲ್ಲಿಯೇ ರಾಜಧಾನಿ ಲ್ಯುಬ್ಲಿಯಾನಾದ ಕ್ಲಬ್ಬೊಂದನ್ನು ಸೇರಿದವರು. 2020ರಲ್ಲಿ ಅವರಿಗೆ ಎರಡನೆಯವರಾದ ಪ್ರಿಮೋಜ್ ರೋಗ್ಲಿಚ್ ಮೂಲತಃ ಹಿಮದ ಇಳಿಜಾರಿನಿಂದ ಜಿಗಿಯುವ ಸ್ಕೀ ಕ್ರೀಡಾಪಟು. ಇಪ್ಪತ್ತರ ಹರೆಯ ದಾಟಿದ ಮೇಲೆ ಸೈಕಲ್ ಏರಿದವರು. ಮಗುವಿಗೆ ಮನೆಯ ಹತ್ತಿರವೇ ಕ್ಲಬ್ಬು, ತಡವಾಗಿ ಬಂದವನಿಗೂ ತೆರೆದ ಬಾಗಿಲು: ಸಣ್ಣ ದೇಶವೊಂದು ತನ್ನಲ್ಲಿರುವ ಪ್ರತಿಭೆ ಪೋಲಾಗದಂತೆ ನೋಡಿಕೊಳ್ಳುವುದು ಹೀಗೆ.

ಬ್ರಿಟನ್ನಿನ ಮಾರ್ಗ ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆ ದೇಶ ಗೆದ್ದದ್ದು ಒಂದೇ ಚಿನ್ನ. ಪದಕ ಪಟ್ಟಿಯಲ್ಲಿ 36ನೇ ಸ್ಥಾನ. ಆ ಮುಖಭಂಗದ ನಂತರ, 1994ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಲಾಟರಿಯ ಹಣವನ್ನು ಕ್ರೀಡಾಪಟುಗಳ ತರಬೇತಿಗೆ ನೇರವಾಗಿ ಹರಿಸಲಾಯಿತು. ಅದರ ಹಂಚಿಕೆಗೆ 1997ರಲ್ಲಿ ಯುಕೆ ಸ್ಪೋರ್ಟ್ ಎಂಬ ಸಂಸ್ಥೆ ರೂಪುಗೊಂಡಿತು. ಹೀಗೆ ಹಣ ಪಡೆದ ಕ್ರೀಡೆಗಳಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟವುಗಳಲ್ಲಿ ಟ್ರ್ಯಾಕ್ ಸೈಕ್ಲಿಂಗ್ ಒಂದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. 250 ಮೀಟರ್ ಸುತ್ತಳತೆಯ ಮರದ ಒಳಾಂಗಣ ಟ್ರ್ಯಾಕಿನಲ್ಲಿ ಗಾಳಿ ಮಳೆಯ ಕಾಟವಿಲ್ಲ. ಸಾಧನೆಯನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯಬಹುದು. ಟ್ರ್ಯಾಕು, ಸೈಕಲ್ಲು, ಗಾಳಿಯ ತಡೆ ತಗ್ಗಿಸುವ ಸಂಶೋಧನೆ ಎಲ್ಲವೂ ದುಬಾರಿಯಾದ್ದರಿಂದ ಬಡ ದೇಶಗಳ ಪೈಪೋಟಿ ಕಡಿಮೆ. ಒಂದೇ ತಂಡ, ಒಂದೇ ತರಬೇತಿ ಕೇಂದ್ರದಿಂದ ಹಲವು ಪದಕಗಳಿಗೆ ಸ್ಪರ್ಧಿಸಬಹುದು. ಹೂಡಿದ ಹಣಕ್ಕೆ ಇಷ್ಟು ನಿಶ್ಚಿತ ಪ್ರತಿಫಲ ಕೊಡುವ ಕ್ರೀಡೆಗಳು ಕೆಲವೇ. 1994ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ತೆರೆದ ವೆಲೋಡ್ರೋಮ್ ಇಡೀ ಕಾರ್ಯಕ್ರಮದ ಕೇಂದ್ರವಾಯಿತು. 2008ರ ಬೀಜಿಂಗ್‌ನಲ್ಲಿ ಟ್ರ್ಯಾಕಿನ 10 ಸ್ಪರ್ಧೆಗಳಲ್ಲಿ 7 ಚಿನ್ನ, 2012ರ ಲಂಡನ್‌ನಲ್ಲಿ ಮತ್ತೆ 7, 2016ರ ರಿಯೊದಲ್ಲಿ 6. ರಿಯೊದಲ್ಲಿ ಬ್ರಿಟನ್ ಒಟ್ಟಾರೆ ಎರಡನೇ ಸ್ಥಾನಕ್ಕೇರಿತು. ತಂಡದ ಮುಖ್ಯಸ್ಥರಾಗಿದ್ದ ಡೇವ್ ಬ್ರೈಲ್ಸ್‌ಫರ್ಡ್ ಅವರ 'ಸಣ್ಣ ಸಣ್ಣ ಸುಧಾರಣೆಗಳ ಮೊತ್ತ' ಎಂಬ ತತ್ವವನ್ನು ಆಡಳಿತ ನಿರ್ವಹಣೆಯ ಗುರುಗಳು ಜಗತ್ತಿನಾದ್ಯಂತ ಸಾರಿದರು. ಆದರೆ ಮುಂದಿನ ನಾಲ್ಕು ವರ್ಷ ಹಣ ನಿಲ್ಲುವುದಿಲ್ಲ ಎಂಬ ಖಾತರಿ ಇಲ್ಲದಿದ್ದರೆ ಆ ಸುಧಾರಣೆಗಳ ಬಗ್ಗೆ ಯೋಚಿಸಲೂ ಯಾರಿಗೂ ಬಿಡುವಿರುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಈ ಯಶಸ್ಸಿಗೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಪದಕದ ಭರವಸೆಯಿಲ್ಲದ ಕ್ರೀಡೆಗೆ ಹಣವಿಲ್ಲ ಎಂಬುದು ನೀತಿಯಾಯಿತು. ಊರೂರಿನ ಯುವಕರು ಆಡುವ ಬ್ಯಾಸ್ಕೆಟ್‌ಬಾಲ್ 2014ರಲ್ಲಿ ಅನುದಾನ ಕಳೆದುಕೊಂಡಿತು. ರಿಯೊದಲ್ಲಿ ಕಂಚು ಗೆದ್ದ ಬಳಿಕವೂ ಬ್ಯಾಡ್ಮಿಂಟನ್‌ಗೆ ಅದೇ ಗತಿ ಒದಗಿತು. ಲಂಡನ್ ಕೂಟದ ನೆಪದಲ್ಲಿ ಇನ್ನೂ 10 ಲಕ್ಷ ಜನರನ್ನು ಕ್ರೀಡಾಂಗಣಕ್ಕೆ ತರುವ ಗುರಿಯನ್ನು ಸರ್ಕಾರ 2011ರಲ್ಲಿಯೇ, ಕೂಟ ಆರಂಭವಾಗುವ ಮೊದಲೇ, ಕೈಬಿಟ್ಟಿತು. ಸೈಕ್ಲಿಂಗ್ ತಂಡದೊಳಗಿನ ವಾತಾವರಣದ ಬಗ್ಗೆ ದೂರುಗಳು ಕೇಳಿಬಂದು, 2017ರ ಸ್ವತಂತ್ರ ಪರಿಶೀಲನಾ ವರದಿ ನಾಯಕತ್ವ ಹಾಗೂ ಆಡಳಿತದ ಲೋಪಗಳನ್ನು ಎತ್ತಿ ತೋರಿಸಿತು. ಇನ್ನು ಲಾಟರಿಯೆಂಬುದು ಆದಾಯ ಕಡಿಮೆಯಿದ್ದವರ ಮೇಲೆ ಹೆಚ್ಚು ಭಾರ ಹೊರಿಸುವ ಪರೋಕ್ಷ ತೆರಿಗೆ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿದ್ದು ಸಕಾರಣವಾಗಿಯೇ.

ಹಣದಿಂದ ಪಡೆದ ಮೇಲುಗೈ ಹೆಚ್ಚು ಕಾಲ ಉಳಿಯುವುದೂ ಇಲ್ಲ. ಲಾಭದಾಯಕ ಮಾರುಕಟ್ಟೆಗೆ ಹೊಸ ಸ್ಪರ್ಧಿಗಳು ಬಂದೇ ಬರುತ್ತಾರೆ. ಪ್ಯಾರಿಸ್‌ನಲ್ಲಿ ಡಚ್ ಸೈಕ್ಲಿಸ್ಟ್ ಹ್ಯಾರಿ ಲಾವ್ರೈಸನ್ ಟ್ರ್ಯಾಕಿನಲ್ಲಿ ಮೂರು ಚಿನ್ನ ಗೆದ್ದರೆ, ಬ್ರಿಟನ್ನಿಗೆ ಟ್ರ್ಯಾಕಿನಲ್ಲಿ ಸಿಕ್ಕಿದ್ದು ಒಂದೇ ಚಿನ್ನ.

ಹಾಗಾದರೆ ನಾವು ಮಾಡಬೇಕಾದುದೇನು? 2014ರಲ್ಲಿ ಆರಂಭವಾದ 'ಟಾಪ್ಸ್' ಯೋಜನೆ ಬ್ರಿಟನ್ನಿನ ಮಾದರಿಗೆ ಹತ್ತಿರವಾದುದು. ಈಗಾಗಲೇ ಗುರುತಿಸಿಕೊಂಡ ಕ್ರೀಡಾಪಟುವಿಗೆ ಅದು ನೆರವಾಗುತ್ತದೆ, ಆಗಲೇಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. 2010ರ ಕಾಮನ್‌ವೆಲ್ತ್ ಕೂಟಕ್ಕೆಂದು ದೆಹಲಿಯಲ್ಲಿ ಕಟ್ಟಿದ ವೆಲೋಡ್ರೋಮ್ ಕೂಡ ವ್ಯರ್ಥವಾಗಿಲ್ಲ. 2019ರ ವಿಶ್ವ ಜೂನಿಯರ್ ಟ್ರ್ಯಾಕ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹುಡುಗರು ತಂಡ ಸ್ಪ್ರಿಂಟ್ ಸ್ಪರ್ಧೆಯ ಚಿನ್ನ ಗೆದ್ದರು. ನಮ್ಮ ಮೈಕಟ್ಟಿನ ಬಗೆಗಿನ ವಾದ ಅಲ್ಲಿಗೆ ಮುಗಿಯಬೇಕು. ಕೊರತೆ ಇರುವುದು ಅದಕ್ಕಿಂತ ಕೆಳಗಿನ ಮೆಟ್ಟಿಲುಗಳಲ್ಲಿ.

ಕರ್ನಾಟಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳನ್ನೇ ನೋಡಿ. ದಶಕಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಡುತ್ತ ಬಂದಿರುವ ಪ್ರದೇಶವಿದು. ಅವರಲ್ಲಿ ಅನೇಕರು ರೈತ ಕುಟುಂಬಗಳ ಮಕ್ಕಳು. ಜಾತ್ರೆಯ ನಿಮಿತ್ತ ಸೈಕಲ್ ಸ್ಪರ್ಧೆ ಏರ್ಪಡಿಸುವ ರೂಢಿ ಉತ್ತರ ಕರ್ನಾಟಕದ ಊರುಗಳಲ್ಲಿ ಇದೆ. ಬೆಲ್ಜಿಯಂನ ಊರಹಬ್ಬದ ಓಟಕ್ಕೂ ಇದಕ್ಕೂ ಸ್ವಭಾವದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅಲ್ಲಿ ಗೆದ್ದ ಹುಡುಗನಿಗೆ ಮುಂದಿನ ವಾರ ಇನ್ನೊಂದು ಸ್ಪರ್ಧೆ ಕಾದಿರುತ್ತದೆ. ಇಲ್ಲಿ ಗೆದ್ದವನಿಗೆ ಮುಂದಿನ ಜಾತ್ರೆಯವರೆಗೆ ಏನೂ ಇರುವುದಿಲ್ಲ. ಸ್ಪರ್ಧೆಗೆ ತಕ್ಕ ಸೈಕಲ್ಲಿನ ಬೆಲೆಯಂತೂ ಸಣ್ಣ ಹಿಡುವಳಿಯ ಕುಟುಂಬ ಭರಿಸಲಾಗದಷ್ಟು.

ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದ ನನಗೆ ಇದರ ಕಾರಣ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಕಟ್ಟಡಕ್ಕೆ ಶಂಕುಸ್ಥಾಪನೆಯಿದೆ, ಉದ್ಘಾಟನೆಯಿದೆ, ಅಳತೆ ಪುಸ್ತಕವಿದೆ. ಮಾರ್ಚ್ 31ರೊಳಗೆ ಹಣ ಬಳಕೆಯ ಪ್ರಮಾಣಪತ್ರವನ್ನೂ ಕೊಡಬಹುದು. ತಾಲ್ಲೂಕು ಕೇಂದ್ರದಲ್ಲಿ ಹತ್ತು ವರ್ಷ ಮಕ್ಕಳನ್ನು ತಿದ್ದುವ ತರಬೇತುದಾರನ ಕೆಲಸಕ್ಕೆ ಇಂಥ ದಾಖಲೆ ಸಿಗದು. ಆದ್ದರಿಂದಲೇ ಅನುದಾನ ಕಾಂಕ್ರೀಟಿನತ್ತ ವಾಲುತ್ತದೆ. 2030 ಮತ್ತು 2036ರ ಹೆಸರಿನಲ್ಲಿ ಈ ಒಲವು ಇನ್ನಷ್ಟು ಬಲಗೊಳ್ಳುವ ಅಪಾಯವಿದೆ.

ಆದ್ದರಿಂದ ನನ್ನ ಸಲಹೆ ಸರಳವಾದುದು. ಕ್ರೀಡೆಗೆ ಮೀಸಲಿಡುವ ಪ್ರತಿ ರೂಪಾಯಿಯಲ್ಲಿ ಒಂದು ನಿಶ್ಚಿತ ಪಾಲು ಕಟ್ಟಡಕ್ಕಾಗಲೀ ಪದಕ ನಿರೀಕ್ಷಿತರಿಗಾಗಲೀ ಹೋಗದಂತೆ ಬಜೆಟ್‌ನಲ್ಲಿಯೇ ಪ್ರತ್ಯೇಕಿಸಬೇಕು. ಅದು ತಾಲ್ಲೂಕು ಮಟ್ಟದ ತರಬೇತುದಾರರ ಸಂಬಳಕ್ಕೆ, ಮಕ್ಕಳಿಗೆ ಎರವಲು ನೀಡುವ ಸಲಕರಣೆಗಳಿಗೆ, ವರ್ಷವಿಡೀ ನಡೆಯುವ ಸ್ಥಳೀಯ ಸ್ಪರ್ಧೆಗಳಿಗೆ ಸಲ್ಲಬೇಕು. ಕನಿಷ್ಠ ಎಂಟು ವರ್ಷ ಅದಕ್ಕೆ ಕತ್ತರಿ ಬೀಳಬಾರದು. 2036ರಲ್ಲಿ ಇಪ್ಪತ್ತೆರಡು ವರ್ಷದವರಾಗಿ ಸ್ಪರ್ಧಿಸಬೇಕಾದ ಮಕ್ಕಳು ಈಗಾಗಲೇ ಪ್ರಾಥಮಿಕ ಶಾಲೆಯ ಮೇಲ್ತರಗತಿಗಳಲ್ಲಿದ್ದಾರೆ. ಅವರಲ್ಲಿ ಪದಕ ಗೆಲ್ಲುವವರು ಕೆಲವರೇ ಇರಬಹುದು. ಉಳಿದವರಿಗೂ ಆಡುವ ಅವಕಾಶ ದೊರೆತರೆ ಆ ಹಣ ಪೋಲಾಯಿತೆಂದು ಯಾವ ಲೆಕ್ಕ ಪರಿಶೋಧಕನೂ ಬರೆಯಲಾರ.